ಬಾಲ್ ಎತ್ತಿಕೊಟ್ಟ ಅಣ್ಣ

ಮೊನ್ನೆ ಕನಕಪುರದ ಬಸ್ಸಿನಲ್ಲಿ ಮುಂದಿನ ಸೀಟಿನ ಹುಡುಗನೊಬ್ಬ ಮೊಣಕಾಲಿಗೆ ನೋವಿನ ಸ್ಪ್ರೇ ಹೊಡೆದುಕೊಂಡ. ಅರ್ಧ ಬಸ್ಸು ಕೆಮ್ಮಿತು, ಕಂಡಕ್ಟರ್ ಬೈದ. ನಾನು ಮಾತ್ರ ಮೂಗು ಅರಳಿಸಿಕೊಂಡು ಕೂತಿದ್ದೆ. ನನಗೆ ಅದು ಪಕ್ಕದ ಮನೆ ಅಣ್ಣನ ವಾಸನೆ. ಬೀದಿಯ ಉಳಿದವರೆಲ್ಲ ಸೆಂಟು ಹಾಕಿಕೊಂಡು ತಿರುಗುತ್ತಿದ್ದಾಗ ಅವನೊಬ್ಬ ಆಸ್ಪತ್ರೆಯಿಂದ ಈಗಷ್ಟೇ ಎದ್ದು ಬಂದವನ ಹಾಗೆ ಘಮಘಮಿಸುತ್ತಿದ್ದ...

ಅಣ್ಣ ವಾಲಿಬಾಲ್ ಲಿಫ್ಟರ್. ಲಿಫ್ಟರ್ ಎಂದರೆ ಚೆಂಡನ್ನು ಹದವಾಗಿ ನೆಟ್ಟಿನ ಮೇಲಕ್ಕೆ ಎತ್ತಿಕೊಡುವವನು. ಅದನ್ನು ಹಾರಿ ಬಡಿಯುವವನು ಸ್ಮ್ಯಾಷರ್. ಶಿಳ್ಳೆ, ಹಾರ, ಫ್ಲೆಕ್ಸಿನಲ್ಲಿ ಫೋಟೊ ಎಲ್ಲ ಸ್ಮ್ಯಾಷರಿಗೆ. ಅಣ್ಣನ ಮುಖ ಒಮ್ಮೆ ಫ್ಲೆಕ್ಸಿನಲ್ಲಿ ಬಂದಿತ್ತು, ಅದೂ ಸ್ಮ್ಯಾಷರನ ಕಂಕುಳ ಕೆಳಗೆ. ಹಾರೋಹಳ್ಳಿಯ ಒಂದು ಕಾರ್ಖಾನೆಯ ಟೀಮಿನಲ್ಲಿ ಕೆಲವು ವರ್ಷ ಸಂಬಳಕ್ಕೆ ಆಡಿದ್ದ. ಆ ಟೀಮು ಮುಚ್ಚಿದ ಮೇಲೆ ಗೂಡ್ಸ್ ಆಟೋದಲ್ಲಿ ರೇಷ್ಮೆಗೂಡು ಸಾಗಿಸುತ್ತ, ಒಂದು ವಾರ ಮಾಗಡಿಯವರಿಗೆ, ಇನ್ನೊಂದು ವಾರ ರಾಮನಗರದವರಿಗೆ ಎಂದು ಕರೆದವರಿಗೆಲ್ಲ ಆಡುತ್ತಿದ್ದ, ಉಳಿದಂತೆ ನಮ್ಮೂರ ಟೀಮಿಗೆ.

ಮನೆಯಲ್ಲಿ ಅವನಿಗೆ ಮಾತೇ ಇಲ್ಲ. ಉಪ್ಪು ಬೇಕಾದರೂ ಬೆರಳು ತೋರಿಸುತ್ತಾನೆ ಎಂದು ಅತ್ತಿಗೆ ಗೊಣಗುತ್ತಿದ್ದರು. ಅಂಕಣಕ್ಕೆ ಇಳಿದರೆ ಊರ ಹೆಸರು ಕೂಗುವ ಬಸ್‌ಸ್ಟ್ಯಾಂಡಿನ ಏಜೆಂಟ್. ನೆಟ್ಟಿಗೆ ಅಂಟಿಕೊಂಡ ಚುರುಕಿನ ಬಾಲಿಗೆ ‘ಹಾರೋಹಳ್ಳಿ’, ದೂರದ ಮೂಲೆಗೆ ಎತ್ತರದ ಬಾಲಿಗೆ ‘ಕೋಡಿಹಳ್ಳಿ’, ತನ್ನ ಬೆನ್ನ ಹಿಂದಕ್ಕೆ ಹಾಕುವ ಬಾಲಿಗೆ ‘ತಿಪ್ಪಸಂದ್ರ’. ಆ ಕೂಗಿನ ಮೇಲೆ ನಮ್ಮವರು ಎಲ್ಲಿ ಹಾರಬೇಕೋ ಅಲ್ಲಿ ಹಾರುತ್ತಿದ್ದರು. ಎದುರಾಳಿಗಳು ಟಿಕೆಟ್ ಕೇಳಿ ನಗುವಷ್ಟರಲ್ಲಿ ಪಾಯಿಂಟ್ ಹೋಗಿರುತ್ತಿತ್ತು.

ನಾನು ಆಗ ಡಿಗ್ರಿ ಓದುತ್ತಿದ್ದೆ. ಟೀಮಿನಲ್ಲಿ ಎಕ್ಸ್‌ಟ್ರಾ. ನನ್ನ ಸರ್ವಿಸು ನೆಟ್ ದಾಟಿದ ದಿನ ನಮ್ಮಮ್ಮ ದೇವರಿಗೆ ತುಪ್ಪದ ದೀಪ ಹಚ್ಚುತ್ತಿದ್ದಳು. ನನ್ನನ್ನು ಇಟ್ಟುಕೊಂಡಿದ್ದು ಮಿಮಿಕ್ರಿಗೆ. ಅಂಪೈರು, ಊರ ಮುಖಂಡರು, ನಮ್ಮ ಪ್ರಿನ್ಸಿಪಾಲರು, ಎಲ್ಲರೂ ನನ್ನ ಗಂಟಲಲ್ಲಿದ್ದರು. ಅಣ್ಣನ ಕೂಗಂತೂ ಅತ್ತಿಗೆಯೇ ಮೋಸಹೋಗಿ ಬಾಗಿಲು ತೆಗೆಯುವಷ್ಟು ಕರಾರುವಾಕ್ಕು.

ಹೀಗಿರುವಾಗ ಆ ಕಾರ್ಖಾನೆಯವರು ಮತ್ತೆ ಟೀಮು ಕಟ್ಟುತ್ತಾರೆ, ಚನ್ನಪಟ್ಟಣದ ಟೂರ್ನಮೆಂಟಿನ ಫೈನಲ್ ನೋಡಿ ನಮ್ಮವರಲ್ಲಿ ಕೆಲವರನ್ನು ಆರಿಸಿ ಪರ್ಮನೆಂಟ್ ಕೆಲಸ ಕೊಡುತ್ತಾರೆ ಎಂದು ಸುದ್ದಿ ಬಂತು. ಅಣ್ಣನ ತಲೆಯಲ್ಲಿ ಬಿಳಿಕೂದಲು ಇಣುಕುತ್ತಿತ್ತು. ಇನ್ನೊಂದು ಅವಕಾಶ ಬರುವುದಿಲ್ಲವೆಂದು ಅವನಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ಫೈನಲ್ ದಿನ ಶೀತ ಹಿಡಿದು ಅವನ ದನಿ ಪೂರ್ತಿ ಬಿದ್ದುಹೋಯಿತು. ಬೆನ್ನ ಹಿಂದೆ ಬೆರಳು ತೋರಿಸಿ ಆಡಿಸಲು ನೋಡಿದ. ನಮ್ಮವರು ಬಾಲು ನೋಡುವುದೋ ಬೆರಳು ನೋಡುವುದೋ ತಿಳಿಯದೆ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದುಕೊಂಡು ಮೊದಲ ಗೇಮ್ ಸೋತರು. ಅಣ್ಣ ಬೆಂಚಿನ ಹತ್ತಿರ ಬಂದು ನನ್ನ ಕಿವಿಯಲ್ಲಿ ಗಾಳಿಯಷ್ಟೇ ಬಿಟ್ಟ.

“ಲೇ, ನನ್ ದನಿ ನಿನ್ ತಾವ ಐತಲ್ಲ, ಒಸಿ ಕೊಡ್ಲಾ.”

ಅಲ್ಲಿಂದಾಚೆಗೆ ಅವನು ಬೆರಳು ತೋರಿಸಿದ, ನಾನು ಬೆಂಚಿನಿಂದ ಕೂಗಿದೆ. ಒಂದು ಬೆರಳಿಗೆ ಹಾರೋಹಳ್ಳಿ, ಎರಡಕ್ಕೆ ಕೋಡಿಹಳ್ಳಿ, ಮುಷ್ಟಿಗೆ ತಿಪ್ಪಸಂದ್ರ. ಎದುರಾಳಿಗಳು ತಕರಾರು ತೆಗೆದರು. ಅಂಪೈರು ನಗು ತಡೆಯಲಾಗದೆ ಆಟ ಮುಂದುವರಿಸಿದರು. ಅವತ್ತು ಅಣ್ಣ ಎತ್ತಿಕೊಟ್ಟ ಬಾಲುಗಳು... ಗಾಳಿಯಲ್ಲಿ ಒಂದು ಗಳಿಗೆ ನಿಂತು ಸ್ಮ್ಯಾಷರನಿಗಾಗಿ ಕಾಯುತ್ತಿದ್ದವು. ಉಳಿದ ಗೇಮುಗಳೆಲ್ಲ ನಮ್ಮವೇ.

ಕಪ್ಪು ಕೈಗೆ ಬಂದ ಮೇಲೆ ಕಾರ್ಖಾನೆಯ ಹೊಸ ಮ್ಯಾನೇಜರ್ ವೇದಿಕೆಯಿಂದ ಇಳಿದು ಬಂದರು. ಸ್ಮ್ಯಾಷರನ ಕೈ ಕುಲುಕಿದರು. ಆಮೇಲೆ ಅಣ್ಣನನ್ನು ದಾಟಿಕೊಂಡು ಬಂದು ನನ್ನ ಬೆನ್ನು ತಟ್ಟಿದರು. ಆಟ ಆಡಿಸಿದ ತಲೆ ನಿನ್ನದೇ, ಡಿಗ್ರಿ ಮುಗಿಸಿ ಬಂದು ನನ್ನನ್ನು ನೋಡು ಎಂದರು.

“ನಾನಲ್ಲ ಸಾರ್, ಇವ್ರು. ತಲೆ ಇವ್ರುದು, ನಂದು ಬರೀ ಬಾಯಿ,” ಎಂದೆ. ಹುಟ್ಟಿದಾಗಿನಿಂದ ಅಷ್ಟು ನೆಟ್ಟಗೆ ನನ್ನ ಸ್ವಂತ ದನಿಯಲ್ಲಿ ಮಾತಾಡಿದ್ದು ಅದೇ ಮೊದಲು. ಸುತ್ತ ನಿಂತವರೆಲ್ಲ ಗೊಳ್ಳೆಂದು ನಕ್ಕರು. ಸ್ಮ್ಯಾಷರ್ ಅಂತೂ ಕಣ್ಣೊರೆಸಿಕೊಂಡು ನಕ್ಕ.

“ಇವ್ನು ಹಿಂಗೇ ಸಾರ್, ಯಾರ್ ಥರ ಬೇಕಾದ್ರೂ ಮಾತಾಡ್ತಾನೆ,” ಎಂದ.

ಮ್ಯಾನೇಜರೂ ನಕ್ಕು, ಎಲ್ಲಿ ನನ್ನ ಥರ ಮಾಡು ನೋಡೋಣ ಎಂದರು. ನಾನು ಮತ್ತೆ ಮತ್ತೆ ಹೇಳಿದಷ್ಟೂ ನಗು ಜಾಸ್ತಿಯಾಯಿತು. ಅಣ್ಣನೂ ಏನೋ ಹೇಳಲು ಬಾಯಿ ತೆರೆದ. ದನಿ ಬರಲಿಲ್ಲ. ಸ್ಮ್ಯಾಷರನಿಗೆ ಕೆಲಸವಾಯಿತು. ಮ್ಯಾನೇಜರನ್ನು ನೋಡಲು ನಾನು ಹೋಗಲಿಲ್ಲ. ತ್ಯಾಗ ಗೀಗ ಏನಲ್ಲ, ಮೊದಲ ಸರ್ವಿಸಿಗೇ ಬಣ್ಣ ಬಯಲಾಗುತ್ತಿತ್ತು.

ವಾಪಸ್ ಬರುವಾಗ ಬಸ್ಸಿನಲ್ಲಿ ನನಗೆ ತಲೆ ಎತ್ತಲಾಗಲಿಲ್ಲ. ಅಣ್ಣ ಬೆರಳಿನ ಪ್ಲಾಸ್ಟರು ಬಿಚ್ಚುತ್ತ ಕೂತಿದ್ದ. ಬಿಚ್ಚಿ ಮುಗಿಸಿ ನನ್ನ ಕಿವಿಗೆ ಬಾಗಿದ.

“ಕೋಡಿಹಳ್ಳಿನ ಒಸಿ ಎಳ್ದು ಕೂಗ್ಬೇಕು ಕಣ್ಲಾ. ನಮ್ ಸ್ಮ್ಯಾಷರು ಬೇಗ ಹಾರ್ಬುಡ್ತಾನೆ.”

ಅಷ್ಟೇ. ಮಾರನೆಯ ದಿನ ಮತ್ತೆ ಗೂಡಿನ ಮೂಟೆ ಹೇರಿಕೊಂಡು ಹೊರಟ. ಹೋದ ವರ್ಷ ಜಾಂಡೀಸ್ ಬಂದು ಹೋಗಿಬಿಟ್ಟ...

ಈಗಲೂ ಟೀ ಅಂಗಡಿಯಲ್ಲಿ ಆ ಫೈನಲ್ ಮಾತು ಬಂದರೆ ಸ್ಮ್ಯಾಷರನನ್ನು ಹೊಗಳುತ್ತಾರೆ, ಆಮೇಲೆ ನನ್ನನ್ನು. ಅವತ್ತು ಆಡಿಸಿದ್ದು ಅಣ್ಣ ಎಂದು ನಾನು ಹೇಳುತ್ತೇನೆ. ಇದು ಯಾರ ದನಿಯಪ್ಪಾ ಎಂದು ನಗುತ್ತಾರೆ. ಬಾಯಲ್ಲಿ ಹೇಳಿದರೆ ಇಷ್ಟೇ ಎಂದು ಗೊತ್ತಾದ ಮೇಲೆ ಬರೆಯಲು ಕೂತೆ. ಕಾಗದದ ಮೇಲೆ ನಾನು ಯಾರ ಮಿಮಿಕ್ರಿಯನ್ನೂ ಮಾಡಲಾರೆ. ಆ ಮ್ಯಾಚ್ ಗೆಲ್ಲಿಸಿದ್ದು ಅವನು. ಯಾರಾದರೂ ಒಬ್ಬರು ನಗದೆ ಓದಿದರೆ ಸಾಕು.