ನಾನು ತುಂಬಿದ ಕಲಿಕೆಯ ಫಾರಂ

ರುದ್ರಪ್ಪ ಅಂದು ಏನು ಹೇಳಿದರು, ನಾನು ಏನು ಬರೆದುಕೊಂಡೆ ಎಂಬುದು ಆಮೇಲೆ ನನಗೆ ಖಚಿತವಿರಲಿಲ್ಲ. ಹಿರಿಯೂರಿಗೆ ಬಂದು ನಾಲ್ಕೇ ದಿನವಾಗಿತ್ತು. ಗುಡ್ಡದ ಮೇಲಿನ ಗಾಳಿಯಂತ್ರದ ರೆಕ್ಕೆಗಳ ನೆರಳು ಮೈಮೇಲೆ ಹಾದಾಗಲೆಲ್ಲ ತಲೆ ತಗ್ಗಿಸುತ್ತಿದ್ದೆ. ನಮ್ಮ ಕುಂದಾಪುರದ ಗಾಳಿ ಮಳೆಯ ಸುದ್ದಿ ತರುತ್ತದೆ. ಇಲ್ಲಿಯದು ಬಾಯಲ್ಲಿ ಧೂಳು ಬಿಟ್ಟು ಹೋಗುತ್ತದೆ.

ಗಾಳಿಯಂತ್ರಗಳ ಕಂಪನಿಯೊಂದು ತನ್ನ ಕೆಲಸಗಾರರಿಗೆ ತನ್ನದೇ ಖರ್ಚಿನಲ್ಲಿ ಹೊಸ ವಿದ್ಯೆ ಕಲಿಸಲು ನನ್ನನ್ನು ಕರೆಸಿತ್ತು. ಏನು ಕಲಿಸಬೇಕೆಂಬುದನ್ನೂ ಅದೇ ಗೊತ್ತುಮಾಡಿತ್ತು. ಮೊದಲು ಯಾರಿಗೆ ಏನು ಬರುತ್ತದೆಂದು ಕೇಳಿ ಫಾರಂ ತುಂಬಬೇಕು. ಯಾಕೆ ಎಂದು ನಾನು ಕೇಳಬೇಕಿತ್ತು. ವಿಶ್ವವಿದ್ಯಾಲಯದಲ್ಲಿ ಎಲ್ಲವನ್ನೂ ಪ್ರಶ್ನಿಸಿದವನು ಇಲ್ಲಿ ಸುಮ್ಮನೆ ತುಂಬಿದೆ.

ಜವನಗೊಂಡನಹಳ್ಳಿಯ ರುದ್ರಪ್ಪ ಅಲ್ಲಿಯ ಹಳೆಯ ಮೆಕ್ಯಾನಿಕ್. "ಬರ್ರಿ ಮೇಷ್ಟ್ರೇ, ಕುಂತ್ಕಳ್ರಿ," ಎಂದು ತಮ್ಮ ಬುತ್ತಿಯ ಮುದ್ದೆ ಮುರಿದು ಕೊಟ್ಟರು. ನಾನು ಅಗಿಯುವುದನ್ನು ಕಂಡು ನಕ್ಕರು: "ನುಂಗ್ರಿ! ಅದ್ರಾಗೇನು ಮೀನಿನ ಮುಳ್ಳು ಐತಾ?" ನಿಮಗೆ ಯಾವ ಕೆಲಸ ಬರುತ್ತದೆ ಎಂದು ಕೇಳಿದೆ.

"ನಮಗೇನ್ ಬರ್ತೈತ್ರಿ? ಓದ್ದೋರು ನೀವು."

ಇಷ್ಟು ನೆನಪಿದೆ.

ಎಲ್ಲರ ಫಾರಂ ತುಂಬುವಷ್ಟರಲ್ಲಿ ತಿಂಗಳು ಕಳೆಯಿತು. ಒಂದು ದಿನ ರುದ್ರಪ್ಪ ಗಾಳಿಯಂತ್ರದ ಕಂಬಕ್ಕೆ ಕಿವಿಯಿಟ್ಟು, "ನಿಲ್ಸ್ರಿ, ಮ್ಯಾಲೆ ಬೇರಿಂಗ್ ಹೋಗೈತೆ," ಎಂದರು. ಹತ್ತಿ ನೋಡಿದವರು ಹೌದೆಂದರು. ನಮ್ಮೂರಿನ ದೋಣಿ ಮೆಕ್ಯಾನಿಕ್ ಆಗಿದ್ದರೆ ತಾನು ಬದುಕಿಸಿದ ಇಂಜಿನ್‌ಗಳನ್ನೆಲ್ಲ ಮೊದಲೇ ಎಣಿಸಿ ಹೇಳುತ್ತಿದ್ದ. ಇಲ್ಲಿ ಓದಿದವರ ಎದುರು ತನ್ನ ವಿದ್ಯೆ ಹೇಳಿಕೊಳ್ಳುವುದು ಮರ್ಯಾದೆಯಲ್ಲ. ಇದು ನನಗೆ ತಡವಾಗಿ ತಿಳಿಯಿತು.

ಅದೇ ಸಂಜೆ ಮ್ಯಾನೇಜರ್ ಹೇಳಿದರು: "ಕಲಿಕೆಗೆ ಎಲ್ಲರನ್ನೂ ತಗಳಲ್ಲ ಸರ್. ನಿಮ್ಮ ಫಾರಂ ನೋಡಿ, ಏನೂ ಬರದೋರನ್ನ ಈ ತಿಂಗಳೇ ಕೆಲಸದಿಂದ ಬಿಡಿಸ್ತೀವಿ."

ಹೊರಗೆ ರುದ್ರಪ್ಪ ನಿಂತಿದ್ದರು. "ಮೇಷ್ಟ್ರೇ, ನಂದು ಚೆನ್ನಾಗಿ ಬರ್ದೀರಲ್ಲ?"

ಹೂಂ ಎಂದೆ. ಬರೆದಿದ್ದೇನೆಯೇ? ಅವರು ಅಂದದ್ದನ್ನು ಅಂದಂತೆಯೇ ಬರೆದುಬಿಟ್ಟೆನೆ? ಬಸ್ಸು ಹತ್ತಿ ಊರಿಗೆ ಓಡಿಬಿಡಬೇಕೆನ್ನಿಸಿತು. ಆದರೆ ಊರಿನಲ್ಲೂ ನಾನೀಗ ಪೂರ್ತಿ ಅಲ್ಲಿಯವನಲ್ಲ; ಫೋನಿನಲ್ಲಿ ನನ್ನ ಬಾಯಿಂದ "ಐತೆ" ಜಾರಿದರೆ ತಂಗಿ ನಗುತ್ತಾಳೆ. ಇಲ್ಲಿ ನಾನು ಕಡಲ ಕಡೆಯ ಮೇಷ್ಟ್ರು. ಇವರ ಮುದ್ದೆ ನುಂಗಲು ಕಲಿತಿದ್ದೇನೆ, ಇವರ ಮಾತು ಕೇಳಲು ಕಲಿತಿಲ್ಲ.

ಮರುದಿನ ಕಚೇರಿ ತೆರೆದ ಕೂಡಲೇ ತಿದ್ದಲೆಂದು ಪೆನ್ನು ಹಿಡಿದು ಹೋದೆ. ಫಾರಂಗಳು ಆಗಲೇ ಮೇಲಿನ ಕಚೇರಿಗೆ ಹೋಗಿದ್ದವು, ಉಳಿದಿದ್ದದ್ದು ನಕಲು. ರುದ್ರಪ್ಪನವರ ಹೆಸರಿನ ಮುಂದೆ "ಏನೂ ಬರುವುದಿಲ್ಲ" ಎಂದಿತ್ತು. ಅಕ್ಷರ ನನ್ನದೇ.