ಸಂಡಿಗೆಯ ವಕೀಲರು

ಅಂಕಲ್ ಬಲಗೈಯ ಕಿರುಬೆರಳಿನ ಉಗುರು ಅರ್ಧ ಅಂಗುಲ ಬೆಳೆದು ಕೊಕ್ಕೆಯಂತೆ ಬಾಗಿತ್ತು. ಪುಟ ತಿರುವುವುದಕ್ಕೆಂದೇ ಬಿಟ್ಟಿದ್ದರಂತೆ. ಒಂದು ದಿನವಾದರೂ ಪಾತ್ರೆ ಉಜ್ಜಿದ ಕೈಯಲ್ಲಿ ಅಂಥ ಉಗುರು ಉಳಿಯುವುದಿಲ್ಲ ಎಂದು ನಾನು ಆಗಲೇ ಅಂದುಕೊಂಡೆ.

ಅಮೆರಿಕದ ಜರ್ಮನ್‌ಟೌನ್‌ನಲ್ಲಿ ನಮ್ಮ ಪಕ್ಕದ ಟೌನ್‌ಹೌಸ್ ಅವರದು. ಲ್ಯಾಬ್ ಕೆಲಸದಿಂದ ರಿಟೈರ್ ಆದ ಮೈಸೂರಿನವರು. ಕೋವಿಡ್ ಕಾಲದಲ್ಲಿ ಊರೆಲ್ಲ ಬ್ರೆಡ್ ಮಾಡಲು ಕಲಿತರೆ ಇವರು ಸ್ಪ್ಯಾನಿಷ್ ಕಲಿತರು. ಆಮೇಲೆ ಭಾನುವಾರ ಬಂತೆಂದರೆ ನಮ್ಮನ್ನೆಲ್ಲ ಬೇಸ್‌ಮೆಂಟಿಗೆ ಕರೆದು ಸ್ಪೇನಿನ ಹಳೆಯ ನಗೆಕಾದಂಬರಿಗಳನ್ನು ಕನ್ನಡದಲ್ಲಿ ವಿವರಿಸುವುದು. ಲೋಕ ಉದ್ಧಾರಕ್ಕೆ ಹೊರಟ ಯಜಮಾನ, ಮುಂದಿನ ಊಟ ಎಲ್ಲಿ ಎಂದು ಕೇಳುವ ಆಳು, ಇಷ್ಟೇ ಕತೆ. ಯಜಮಾನನನ್ನು ನೋಡಿ ನಗುವವರಿಗೆ ಪುಸ್ತಕ ಅರ್ಥವಾಗಿಲ್ಲ ಎಂದು ಅಂಕಲ್ ಗದರುತ್ತಿದ್ದರು. ನನಗಂತೂ ಆಳೇ ಸರಿ ಅನಿಸುತ್ತಿದ್ದ. ಇವರು ಕೆಳಗೆ ಮಾನವ ಘನತೆಯ ಬಗ್ಗೆ ಕೊರೆಯುವಾಗ ಹೊರಗೆ ಆಂಟಿ ಒಬ್ಬರೇ ಹಿಮ ಎತ್ತುವ ಸಲಿಕೆಯ ಸದ್ದು ಕೇಳುತ್ತಿತ್ತು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ.

ಒಂದು ಬೇಸಿಗೆಯಲ್ಲಿ ಧಾರವಾಡದಿಂದ ಬಂದ ನನ್ನ ಅತ್ತೆ ಮನೆಯ ಹಿಂದಿನ ಮರದ ಡೆಕ್ ಮೇಲೆ ಹಳೆಯ ಸೀರೆ ಹಾಸಿ ಸಂಡಿಗೆ ಇಟ್ಟರು. ಅಳಿಲುಗಳು ಮುತ್ತಿಕೊಂಡವು. ಬಡಾವಣೆಯ ಅಸೋಸಿಯೇಷನ್ನಿನವರು ಮನೆಯ ಓನರ್‌ಗೆ ದೂರು ಕೊಟ್ಟರು. ನಾವು ಬಾಡಿಗೆಯವರು, ಲೀಸ್ ಮುಗಿಯುತ್ತಾ ಬಂದಿತ್ತು. ಶಾಲೆಯಲ್ಲಿ ಬಾಯೇ ಬಿಡದಿದ್ದ ಮಗಳಿಗೆ ಆಗಷ್ಟೇ ಒಬ್ಬಳು ಗೆಳತಿ ಸಿಕ್ಕಿದ್ದಳು. ಆ ಮನೆ ತಪ್ಪಿದರೆ ಆ ಶಾಲೆಯೂ ತಪ್ಪುತ್ತಿತ್ತು. ನಾನು ಸೀರೆ ಮಡಚಿಟ್ಟೆ. ಮೀಟಿಂಗಿಗೆ ಹೋಗಿ ಸಾರಿ ಹೇಳಿಬಿಡಿ, ಲೀಸ್ ಮುಂದುವರಿಸುತ್ತೇನೆ ಎಂದರು ಓನರ್. ಅತ್ತೆಯನ್ನೂ ಕರೆದುಕೊಂಡು ಹೋದೆವು.

ನಾನು ಬಾಯಿ ತೆರೆಯುವ ಮೊದಲೇ ಅಂಕಲ್ ಎದ್ದು ನಿಂತರು. ಯಾರೂ ಕರೆದಿರಲಿಲ್ಲ. ಬಿಸಿಲು ಯಾರಪ್ಪನ ಸೊತ್ತೂ ಅಲ್ಲ, ಒಬ್ಬ ತಾಯಿಯ ಅಡುಗೆಗೆ ಅವಮಾನ ಮಾಡುವ ನೀವೆಲ್ಲ ಪುಟ್ಟ ಸರ್ವಾಧಿಕಾರಿಗಳು ಎಂದು ಇಂಗ್ಲಿಷಿನಲ್ಲಿ ಗುಡುಗಿದರು. ನನ್ನ ಗಂಡ ಫೋನಿನಿಂದ ತಲೆ ಎತ್ತಲಿಲ್ಲ. ನನ್ನ ಸಾರಿ ಅಲ್ಲಿ ಯಾರಿಗೂ ಬೇಕಾಗಲಿಲ್ಲ. ಅದೇ ವಾರ ಓನರ್ ಈಮೇಲ್ ಬಂತು. ಮನೆ ಖಾಲಿ ಮಾಡಬೇಕು.

ಸಾಮಾನು ಸಾಗಿಸುವ ದಿನ ಅಂಕಲ್ ಕೈಬೀಸಿಕೊಂಡು ಬಂದು ಟ್ರಕ್ ಪಕ್ಕ ನಿಂತರು. "ನಾವು ಸೋತಿಲ್ಲಮ್ಮ, ತತ್ವ ಬಿಟ್ಟುಕೊಟ್ಟಿಲ್ಲ," ಎಂದರು. ನಾವು ಅಂತೆ! ಮೈಯೆಲ್ಲ ಉರಿಯಿತು. ಡಬ್ಬ ಹೊರುತ್ತಿದ್ದವಳು ನಾನು, ಕಾರಿನೊಳಗೆ ಅಳುತ್ತಿದ್ದವಳು ನನ್ನ ಮಗಳು. ಆಂಟಿ ಮಾತ್ರ ಪುಳಿಯೋಗರೆ ಡಬ್ಬಿ ನನ್ನ ಕೈಗಿಟ್ಟು ಹೋದರು.

ಹೋದ ಚಳಿಗಾಲದಲ್ಲಿ ಅಂಕಲ್ ತೀರಿಕೊಂಡರು. ನಮ್ಮ ಜೊತೆಗೇ ಉಳಿದಿದ್ದ ಅತ್ತೆ ಹಟ ಹಿಡಿದಿದ್ದಕ್ಕೆ, ಈಗ ನಾವಿರುವ ಕ್ಲಾರ್ಕ್ಸ್‌ಬರ್ಗ್‌ನಿಂದ ಹೋಗಿ ಬಂದೆವು. ಅಲ್ಲಿ ಎಲ್ಲರೂ ದೊಡ್ಡ ಆದರ್ಶವಾದಿ ಎಂದು ಹೊಗಳುತ್ತಿದ್ದರು, ನನಗೆ ಕೇಳಿ ಕೇಳಿ ಸಾಕಾಯಿತು. ವಾಪಸು ಬರುವಾಗ ಕಾರಿನಲ್ಲಿ ಹೇಳಿಯೇಬಿಟ್ಟೆ, ಆತ ಶುದ್ಧ ಮೂರ್ಖ, ನಮ್ಮ ಮನೆ ಹಾಳು ಮಾಡಿದವನು ಎಂದು. ಆ ಮಾತನ್ನು ನಾನು ಇವತ್ತಿಗೂ ಹಿಂದಕ್ಕೆ ತೆಗೆದುಕೊಂಡಿಲ್ಲ.

ಹಿಂದಿನ ಸೀಟಿನಲ್ಲಿದ್ದ ಅತ್ತೆ ಮೂಗು ಒರೆಸಿಕೊಂಡರು. "ಹೌದವ್ವಾ, ಮನಿ ಹೋತು. ಆದ್ರ ಈ ದೇಶಕ್ಕ ಬಂದ ಮ್ಯಾಲ ನನ್ನ ಸಲುವಾಗಿ ಎದ್ದು ನಿಂತವ್ರು ಅವರೊಬ್ಬರ."

ಡ್ರೈವ್ ಮಾಡುತ್ತಿದ್ದ ಅವರ ಮಗ ಹೀಟರ್ ಜಾಸ್ತಿ ಮಾಡಿದ.