ಕಾಮಾಕ್ಷಮ್ಮನ ಕೈ ಮತ್ತು ನಮ್ಮ ಮನೆ ಕಂಪ್ಯೂಟರು

ಕೈಗುಣ ಅನ್ನೋ ಮಾತು ಕೇಳಿದರೆ ನನಗೆ ಮೊದಲಿಂದಲೂ ಮೈ ಉರಿಯುತ್ತಿತ್ತು. ಒಬ್ಬರು ಹೆಪ್ಪು ಹಾಕಿದರೆ ಮೊಸರು ಗಟ್ಟಿ, ಇನ್ನೊಬ್ಬರು ಹಾಕಿದರೆ ನೀರು. ಒಬ್ಬರು ನೆಟ್ಟ ಮಲ್ಲಿಗೆ ಚಿಗುರುತ್ತೆ, ಇನ್ನೊಬ್ಬರದ್ದು ಒಣಗುತ್ತೆ. ಯಾರಾದರೂ ಹೀಗೆ ಶುರು ಮಾಡಿದರೆ ಹಾಲು ಎಷ್ಟು ಬೆಚ್ಚಗಿತ್ತು, ಮಣ್ಣಲ್ಲಿ ಎಷ್ಟು ತೇವ ಇತ್ತು ಅಂತ ಅಡ್ಡಪ್ರಶ್ನೆ ಹಾಕಿ ಬಾಯಿ ಮುಚ್ಚಿಸುತ್ತಿದ್ದೆ. ಭದ್ರಾವತಿಯ ಒಂದು ಕಾರ್ಖಾನೆಯಲ್ಲಿ ಎಲೆಕ್ಟ್ರಿಕಲ್ ಕೆಲಸ ಮಾಡಿದವನು ನಾನು. ಕರೆಂಟು ಯಾರ ಕೈ ಅಂತ ನೋಡಲ್ಲ, ಎಲ್ಲರಿಗೂ ಒಂದೇ ಥರ ಹೊಡೆಯುತ್ತೆ ಅನ್ನೋದು ನನ್ನ ಖಾಯಂ ಡೈಲಾಗು. ಈಗ ಹೇಳೋದನ್ನು ಓದಿ ನೀವು ನಕ್ಕರೆ ನನಗೇನೂ ಬೇಜಾರಿಲ್ಲ. ಬೇರೆ ಯಾರಾದರೂ ಹೇಳಿದ್ದರೆ ನಾನೂ ನಗುತ್ತಿದ್ದೆ.

ಎರಡು ಸಾವಿರದ ಇಸವಿ ಕಳೆದು ಕೆಲವು ಮಳೆಗಾಲ ಆಗಿತ್ತು. ಭದ್ರಾವತಿಯಲ್ಲೇ, ಜನ್ನಾಪುರದ ಬಾಡಿಗೆ ಮನೆಯಲ್ಲಿದ್ದೆವು. ನನ್ನ ಹೆಂಡತಿ ಗಿರಿಜ ಸೋಬಾನೆ ಹಾಡುಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದಳು. ಒಂದು ದಿನ ಯೂನಿವರ್ಸಿಟಿಗೆ ಶಂಕರಘಟ್ಟದ ಬಸ್ಸು, ಇನ್ನೊಂದು ದಿನ ಯಾವುದೋ ಹಳ್ಳಿಯ ಅಜ್ಜಿಯ ಜಗುಲಿ, ಹೀಗೆ ವರ್ಷಗಟ್ಟಲೆ ಓಡಾಡಿ ಸೇರಿಸಿದ್ದನ್ನು ಟೈಪ್ ಮಾಡಲಿಕ್ಕೆಂದೇ ಕಂಪ್ಯೂಟರು ತಂದಿದ್ದು. ಹಾಡುಗಳ ಕೈಬರಹದ ಪ್ರತಿ ಹೇಗೂ ಇತ್ತು. ಅವುಗಳ ಬಗ್ಗೆ ಅವಳು ಬರೆದದ್ದೆಲ್ಲ ಮಾತ್ರ ನೇರವಾಗಿ ಕಂಪ್ಯೂಟರಿನಲ್ಲೇ. ಅವಧಿಯನ್ನು ಒಮ್ಮೆ ಮುಂದಕ್ಕೆ ಹಾಕಿಸಿಕೊಂಡಾಗಿತ್ತು, ಇನ್ನು ಆಗೋದಿಲ್ಲ ಅಂತ ಗೈಡು ಖಡಾಖಂಡಿತವಾಗಿ ಹೇಳಿದ್ದರು. ದಸರಾ ಕಳೆಯೋದರೊಳಗೆ ಪ್ರಬಂಧ ಒಪ್ಪಿಸದಿದ್ದರೆ ಅವಳ ಅಷ್ಟು ವರ್ಷದ ಓಡಾಟ ನೀರುಪಾಲು.

ಸರಿಯಾಗಿ ಆ ಹೊತ್ತಿಗೇ ಆ ದರಿದ್ರ ಮೆಷಿನ್ನು ಕೈಕೊಟ್ಟಿತು. ಗುಂಡಿ ಒತ್ತಿದರೆ ಒಳಗೆ ಫ್ಯಾನು ತಿರುಗೋದು, ಪರದೆ ಕಪ್ಪಗೇ ಇರೋದು. ಕೆಲವು ಸಲ ಪೀಂ ಅಂತ ಉದ್ದಕ್ಕೆ ಕೂಗೋದು. ಇನ್ನು ಕೆಲವು ಸಲ ಎಲ್ಲ ಸರಿಹೋಯ್ತು ಅಂದುಕೊಳ್ಳುವಷ್ಟರಲ್ಲಿ ಪರದೆ ನೀಲಿ ಬಣ್ಣಕ್ಕೆ ತಿರುಗಿ, ತಾನೇ ಆರಿ, ತಾನೇ ಹೊತ್ತಿಕೊಂಡು, ಮತ್ತೆ ಆರೋದು. ನಾನು ಡಬ್ಬ ಬಿಚ್ಚಿ ರ‍್ಯಾಮ್ ಚಿಪ್ಪು ತೆಗೆದು, ಅದರ ಅಂಚನ್ನು ಪೆನ್ಸಿಲ್ ರಬ್ಬರಿನಲ್ಲಿ ಉಜ್ಜಿ ಕೂರಿಸಿದೆ. ಧೂಳು ಊದಿದೆ, ಸೆಲ್ಲು ಬದಲಾಯಿಸಿದೆ, ಮೀಟರು ಹಿಡಿದು ಓಲ್ಟೇಜು ನೋಡಿದೆ. ಹಿತ್ತಲಲ್ಲಿ ಅರ್ಥಿಂಗ್ ಗುಂಡಿ ತೆಗೆಸಿ ಉಪ್ಪು, ಇದ್ದಿಲು ತುಂಬಿ ನೀರು ಸುರಿದೆ. ಊಹೂಂ, ಅದು ಜಪ್ಪಯ್ಯ ಅನ್ನಲಿಲ್ಲ.

ಕೊನೆಗೆ ಅದನ್ನು ಮಗುವಿನ ಹಾಗೆ ತೊಡೆ ಮೇಲೆ ಕೂರಿಸಿಕೊಂಡು ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಒಯ್ದೆ. ದುರ್ಗಿಗುಡಿ ಕಡೆಯ ಅಂಗಡಿಯವನು ಎಲ್ಲ ಬಿಚ್ಚಿ ಒಂದೊಂದನ್ನೇ ಪರೀಕ್ಷೆ ಮಾಡಿದ. ಬಿಡಿಬಿಡಿಯಾಗಿ ಎಲ್ಲ ಚೆನ್ನಾಗಿವೆ ಸಾರ್, ಒಟ್ಟಿಗೆ ಸೇರಿಸಿದರೆ ಕೆಲಸ ಮಾಡ್ತಿಲ್ಲ ಅಂದ. ಪಾಲಾದ ಅಣ್ಣತಮ್ಮಂದಿರ ಥರ. ಗಿರಿಜಳ ಬರಹವಿದ್ದ ಹಾರ್ಡ್ ಡಿಸ್ಕೂ ತಿರುಗುತ್ತಿತ್ತು, ಅವನ ಕಂಪ್ಯೂಟರಿಗೆ ಹಾಕಿದರೆ ಮಾತ್ರ ಅದು ಇದರ ಗುರುತೇ ಹಿಡಿಯಲಿಲ್ಲ. ಇನ್ನೂ ಕೆದಕಿದರೆ ಇರೋದೂ ಹೋಗುತ್ತೆ, ಹೇಗಾದರೂ ನಿಮ್ಮ ಕಂಪ್ಯೂಟರಲ್ಲೇ ಓದಿಸ್ಕೊಳ್ಳಿ ಅಂತ ಕೈಮುಗಿದ. ಗಿರಿಜ ಫ್ಲಾಪಿಗಳಲ್ಲಿ ತೆಗೆದಿಟ್ಟಿದ್ದಳು ನಿಜ, ಆದರೆ ಮಳೆಗಾಲದಲ್ಲಿ ಅವಕ್ಕೆ ಬೂಷ್ಟು ಹಿಡಿದು ಒಂದೂ ತೆರೆಯುತ್ತಿರಲಿಲ್ಲ. ಅವತ್ತು ನಾನು ಅದನ್ನು ಹಾಗೇ ಹೊತ್ತು ವಾಪಸ್ ತಂದದ್ದು ನೋಡಿ ಅವಳು ಅಳಲಿಲ್ಲ, ಬೈಯಲೂ ಇಲ್ಲ. ಸುಮ್ಮನೆ ಎದ್ದು ಹೋಗಿ ಪಾತ್ರೆ ತೊಳೆದಳು. ನನಗೆ ಅದೇ ತಡೆಯಲಾಗಲಿಲ್ಲ.

ಪಕ್ಕದ ಮನೆ ಕಾಮಾಕ್ಷಮ್ಮ ಬಂದದ್ದು ಮಾರನೇ ದಿನ ಬೆಳಿಗ್ಗೆ. ಅವರ ಯಜಮಾನರೂ ಅದೇ ಕಾರ್ಖಾನೆಯಿಂದ ರಿಟೈರಾದವರು. ಮನೇಲಿ ತಮಿಳು, ಬೀದೀಲಿ ಕನ್ನಡ. ಆ ಬೀದಿಗೆಲ್ಲ ಅವರ ಕೈ ಅಂದರೆ ಕೈ. ಹೊಸ ಹಸು ಬಂದರೆ ಮೊದಲ ಹಾಲು ಕರೆಯಲು ಅವರು, ಮೆಣಸಿನ ಸಸಿ ನೆಡಲು ಅವರು, ಹುಟ್ಟಿದ ಮಗುವಿನ ನಾಲಿಗೆಗೆ ಮೊದಲ ಸಕ್ಕರೆ ನೀರು ಮುಟ್ಟಿಸಲೂ ಅವರೇ. ಗಿರಿಜ ಅವರ ಕೈಯಿಂದಲೇ ಹೆಪ್ಪು ಹಾಕಿಸಿಕೊಂಡು ಬರುತ್ತಿದ್ದಳು, ನಾನು ಗೊಣಗುತ್ತಲೇ ಆ ಗಟ್ಟಿ ಮೊಸರು ತಿನ್ನುತ್ತಿದ್ದೆ.

ಅವತ್ತು ಗಿರಿಜ ಏನು ಯೋಚಿಸಿದಳೋ, "ಅಕ್ಕಾ, ನೀವೊಂದ್ಸಲ ಒತ್ತಿ" ಅಂದಳು. ಕಾಮಾಕ್ಷಮ್ಮ "ಅಯ್ಯೋ ಮುರುಗಾ, ನಂಗೇನ್ ಗೊತ್ತಮ್ಮಾ ಇದೆಲ್ಲಾ" ಅಂತ ನಾಚಿಕೊಂಡು, ಅರಿಶಿನ ಹತ್ತಿದ ಒದ್ದೆ ಕೈಯನ್ನು ಸೆರಗಿಗೆ ಒರೆಸಿ ಗುಂಡಿ ಒತ್ತಿದರು. ಒಂದೇ ಒಂದು ಚಿಕ್ಕ ಪೀಂ. ಪರದೆ ಬೆಳಗಿತು. ಗಿರಿಜಳ ಫೈಲುಗಳೆಲ್ಲ ಇದ್ದಲ್ಲೇ ಇದ್ದವು.

ಕಾಕತಾಳೀಯ ಅಂದೆ. ಅವರು ಆಚೆ ಹೋದ ಮೇಲೆ ಹಟಕ್ಕೆ ಬಿದ್ದು ಆಫ್ ಮಾಡಿ ನಾನೇ ಒತ್ತಿದೆ. ಪರದೆ ಕಪ್ಪು. ಗಿರಿಜ ನನ್ನನ್ನು ನೋಡಿದ ನೋಟ ಇವತ್ತಿಗೂ ಮರೆತಿಲ್ಲ. ಮತ್ತೆ ಅವರನ್ನು ಕರೆದದ್ದಾಯಿತು, ಅವರು ಒತ್ತಿದರು, ಹೊತ್ತಿಕೊಂಡಿತು. ನನಗೆ ತಲೆ ಕೆಟ್ಟುಹೋಯಿತು. ಒದ್ದೆ ಕೈಯ ಮಹಿಮೆ ಇರಬಹುದು ಅಂತ ಕೈ ನೆನೆಸಿಕೊಂಡು ಒತ್ತಿದೆ. ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಿಂತು ಒತ್ತಿದೆ. ಅವರ ಕಾಲುಂಗುರದಿಂದ ನೆಲಕ್ಕೆ ಏನಾದರೂ ಹರಿಯುತ್ತಿದೆಯೇನೋ ಅಂತ ಗಿರಿಜಳ ಕಾಲುಂಗುರ ನನ್ನ ಕಾಲ್ಬೆರಳಿಗೆ ಸಿಕ್ಕಿಸಿಕೊಂಡೂ ಒತ್ತಿದೆ. ನಗಬೇಡಿ. "ಸೀರೆಯೊಂದು ಉಳೀತು ನೋಡಿ, ಅದನ್ನೂ ಉಟ್ಕೊಂಡ್ಬಿಡಿ" ಅಂದಳು ಗಿರಿಜ.

ಆಮೇಲೆ ಅದೇ ಪದ್ಧತಿಯಾಯಿತು. ಬೆಳಿಗ್ಗೆ ಕಾಮಾಕ್ಷಮ್ಮ ಬಾಗಿಲು ಸಾರಿಸಿ ರಂಗೋಲಿ ಹಾಕಿ, ನಮ್ಮ ಮನೆಗೆ ಬಂದು ಗುಂಡಿ ಒತ್ತಿ ಹೋಗೋದು. ಗಿರಿಜ ಒಂದು ಅಧ್ಯಾಯ ತಿದ್ದಿ ಪ್ರಿಂಟ್ ತೆಗೆಯೋದು. ಹೊಸ ಫ್ಲಾಪಿಗೆ ತೆಗೆದಿಡೋಣ ಅಂದರೆ ಡ್ರೈವಿಗೂ ಬೂಷ್ಟು, ಒಂದಕ್ಕೂ ಬರೆಯಲಿಲ್ಲ. ಆರಿಸೋದನ್ನೇ ಬಿಟ್ಟೆವು, ಆದರೆ ಕರೆಂಟು ಬಿಡಬೇಕಲ್ಲ! ಅದು ಹೋದಾಗಲೆಲ್ಲ ಮತ್ತೆ ಅವರ ಮನೆ ಬಾಗಿಲು. ಪ್ರಬಂಧ ಮುಂದೆ ಹೋಗುತ್ತಿತ್ತು, ಗಿರಿಜಳ ಮುಖ ಅರಳುತ್ತಿತ್ತು, ನನಗೆ ಮಾತ್ರ ಇದು ಹೇಗೆ ಸಾಧ್ಯ ಅನ್ನೋದೇ ಚಿಂತೆ. ಡ್ಯೂಟಿಯಲ್ಲಿದ್ದರೂ ಅದೇ ಯೋಚನೆ, ಊಟಕ್ಕೆ ಕೂತರೂ ಅದೇ. ಯಾವುದೋ ಒಂದು ತಂತಿಯ ಲೂಸು ನನ್ನ ಕಣ್ಣು ತಪ್ಪಿಸುತ್ತಿದೆ ಅಂತ ದಿನಾ ಡಬ್ಬ ಬಿಚ್ಚಲು ಹೋಗುತ್ತಿದ್ದೆ, ಗಿರಿಜ ಸ್ಕ್ರೂಡ್ರೈವರು ಕಿತ್ತುಕೊಳ್ಳುತ್ತಿದ್ದಳು.

ಕೊನೆಯ ಅಧ್ಯಾಯವೊಂದು ಪ್ರಿಂಟಾಗಬೇಕಿತ್ತು. ಅವತ್ತೇ, ಹೆರಿಗೆಗೆಂದು ತವರಿಗೆ ಬಂದಿದ್ದ ಕಾಮಾಕ್ಷಮ್ಮನ ಮಗಳಿಗೆ ನೋವು ಬಂದು, ಅವರೆಲ್ಲ ಶಿವಮೊಗ್ಗದ ಆಸ್ಪತ್ರೆಗೆ ಓಡಿದರು. ಸಂಜೆ ದೀಪ ಹಚ್ಚುವ ಹೊತ್ತಿಗೆ ಕರೆಂಟು ಹೋಯಿತು, ಸ್ವಲ್ಪ ಹೊತ್ತಿಗೆ ಬಂತು. ಕಂಪ್ಯೂಟರು ಮಾತ್ರ ಏಳಲಿಲ್ಲ. ಬೆಳಿಗ್ಗೆ ಎಲ್ಲವನ್ನೂ ಬೈಂಡಿಂಗಿಗೆ ಕೊಡಬೇಕು. ಗಿರಿಜ ಕಾಮಾಕ್ಷಮ್ಮನ ಅಳಿಯನ ಮೊಬೈಲಿಗೆ ಫೋನು ಹಚ್ಚಿದಳು. ಹೆರಿಗೆ ಕೋಣೆ ಮುಂದೆ ಕೂತವರಿಗೆ ಇದಕ್ಕೆಲ್ಲ ಫೋನು ಮಾಡ್ತಾರಾ ಮಾರಾಯ್ತಿ, ಇಡು ಅಂತ ನಾನು ಕೂಗಾಡಿದೆ. ಅವಳು ಕೇಳಲಿಲ್ಲ.

ಆ ಕಡೆಯಿಂದ ಕಾಮಾಕ್ಷಮ್ಮ ನನ್ನ ಕೈಗೆ ಕೊಡಲು ಹೇಳಿದರಂತೆ. ರಿಸೀವರು ಕಿವಿಗೆ ಹಿಡಿದೆ. "ಸಾರ್, ನೀವೇ ಒತ್ತಿ. ನಾನಿಲ್ಲಿ ಕೈ ಇಟ್ಟಿದ್ದೀನಿ ಅಂದ್ಕೊಂಡು ಒತ್ತಿ" ಅಂದರು. ದನಿ ದಣಿದಿತ್ತು. ಒತ್ತಿದೆ.

ಒಂದು ಚಿಕ್ಕ ಪೀಂ. ಪರದೆ ಬೆಳಗಿತು.

ಗಿರಿಜ ಪ್ರಿಂಟರಿಗೆ ಕಾಗದ ತುಂಬುತ್ತಿದ್ದಾಗ ನನ್ನ ಬೆರಳು ಒದ್ದೆಯಾಗಿರೋದು ಗೊತ್ತಾಯಿತು. ಬೆವರು ಅಂದುಕೊಂಡೆ. ಒರೆಸಿಕೊಳ್ಳುವಾಗ ಮೂಗಿಗೆ ಅರಿಶಿನದ ವಾಸನೆ ಬಂತು. ನಾನವತ್ತು ಅಡುಗೆಮನೆ ಕಡೆ ಕಾಲಿಟ್ಟವನೇ ಅಲ್ಲ. ಗಿರಿಜಳಿಗೆ ಹೇಳಲಿಲ್ಲ. ಏನಂತ ಹೇಳೋದು? ಕೊನೆಯ ಹಾಳೆ ಹೊರಬಂದ ಮೇಲೆ ಕಂಪ್ಯೂಟರು ತಾನಾಗಿ ಆರಿತು. ಆಮೇಲೆ ಅದು ಯಾರ ಕೈಗೂ ಏಳಲಿಲ್ಲ.

ಪ್ರಬಂಧ ಒಪ್ಪಿಸಿದ್ದಾಯಿತು. ಅತ್ತ ಕಾಮಾಕ್ಷಮ್ಮನ ಮೊಮ್ಮಗಳು ಹುಟ್ಟಿದ ಕೂಡಲೇ ಅಳಲಿಲ್ಲವಂತೆ, ಕೆಲವು ದಿನ ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರು. ಮಗು ಚೇತರಿಸಿಕೊಳ್ಳುವ ಹೊತ್ತಿಗೆ ಕಾಮಾಕ್ಷಮ್ಮ ಒಂದು ವಾರದ ಮಟ್ಟಿಗೆ ತಮ್ಮ ಮನೆಗೆ ಬಂದರು. ನಮ್ಮ ಕಂಪ್ಯೂಟರು ಸತ್ತಿದೆ ಅಂತ ಕೇಳಿ ಬಂದು ಗುಂಡಿ ಒತ್ತಿದರು, ಮತ್ತೆ ಒತ್ತಿದರು. ಏನೂ ಇಲ್ಲ. ಬೋರ್ಡು ಸುಟ್ಟಿದೆ ಕಾಮಾಕ್ಷಮ್ಮ, ಹಳೇ ಮಾಲು ಅಂದೆ. ಅವರು ತಮ್ಮ ಅಂಗೈಯನ್ನೇ ನೋಡಿಕೊಂಡು ಹೊರಟುಹೋದರು. ಆ ವಾರ ಅವರು ಹಾಕಿದ ಹೆಪ್ಪೆಲ್ಲ ನೀರಾಯಿತು, ನಮ್ಮ ಮನೇದೂ ಸೇರಿ. ಹೆದರಿದವರ ಕೈಗೆ ಹದ ತಪ್ಪುತ್ತೆ ಅಂತ ನನಗೆ ನಾನೇ ಹೇಳಿಕೊಂಡೆ.

ಮಗುವನ್ನು ಮನೆಗೆ ಕರೆತಂದ ದಿನ ನಮ್ಮನ್ನೂ ಕರೆದಿದ್ದರು. ಆಸ್ಪತ್ರೆಯಲ್ಲಿ ನರ್ಸು ಬಿಡದೆ ಇದ್ದುದರಿಂದ ಸಕ್ಕರೆ ನೀರು ಮುಟ್ಟಿಸುವ ಶಾಸ್ತ್ರ ಮನೆಯಲ್ಲಿ. ಬೀದಿಯ ಹೆಂಗಸರೆಲ್ಲ ಕಾಮಾಕ್ಷಮ್ಮನ ಮುಖ ನೋಡಿದರು. ಊರ ಮಕ್ಕಳ ನಾಲಿಗೆಗೆಲ್ಲ ಮುಟ್ಟಿಸಿದ ಹೆಂಗಸು ಸ್ವಂತ ಮೊಮ್ಮಗಳ ಮುಂದೆ ಎರಡೂ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಿಂತರು. ಆಮೇಲೆ ಬೆಳ್ಳಿ ಬಟ್ಟಲು ತಂದು ನನ್ನ ಮುಂದೆ ಹಿಡಿದರು.

"ಅವತ್ತು ಫೋನಲ್ಲಿ ನಿಮಗೆ ಕೊಟ್ಟುಬಿಟ್ಟೆ ಸಾರ್. ವಾಪಸ್ ಬರ್ಲಿಲ್ಲ. ನಿಮ್ಮತ್ರಾನೇ ಇದೆ, ನೀವೇ ಇಡಿ."

ಅಂಥದ್ದೇನೂ ಇಲ್ಲ ಅನ್ನಬೇಕಿತ್ತು. ಜೀವನಪೂರ್ತಿ ಅದನ್ನೇ ಹೇಳಿಕೊಂಡು ಬಂದವನು ನಾನು. ಆದರೆ ಈಗ ಇಲ್ಲ ಅಂದರೆ ಅವರ ಹತ್ತಿರ ಯಾವತ್ತೂ ಏನೂ ಇರಲಿಲ್ಲ ಅಂದ ಹಾಗಾಗುತ್ತಿತ್ತು. ಹೌದು ಅಂದರೆ ಅವರದ್ದನ್ನು ನಾನು ಇಟ್ಟುಕೊಂಡ ಹಾಗೆ. ಕೈ ತೊಳೆದು ಬಂದು ಬೆರಳು ಅದ್ದಿ ಮಗುವಿನ ನಾಲಿಗೆಗೆ ಮುಟ್ಟಿಸಿದೆ. ಮಗು ಚಪ್ಪರಿಸಿತು, ಬೆರಳನ್ನು ಬಿಡಲಿಲ್ಲ. ಕಾಮಾಕ್ಷಮ್ಮ ಕಣ್ಣೊರೆಸಿಕೊಂಡು ಮೊದಲ ಸಲ ನಕ್ಕರು.

ಇದೆಲ್ಲ ಆಗಿ ಎಷ್ಟೋ ವರ್ಷವಾಯಿತು. ಸಾಲ್ಡರು ಬಿಟ್ಟಿರಬಹುದು, ಬಿಸಿಗೆ ಹಿಗ್ಗಿ ಕೂಡಿರಬಹುದು ಅಂತ ಕಂಪ್ಯೂಟರಿಗೆ ಈಗ ಹತ್ತು ಕಾರಣ ಹೇಳಬಲ್ಲೆ, ಒಂದೂ ನನಗೇ ಸಮಾಧಾನ ಕೊಡುವುದಿಲ್ಲ. ಅರಿಶಿನದ ವಾಸನೆಗೆ ಒಂದು ಕಾರಣವೂ ಸಿಕ್ಕಿಲ್ಲ. ಪರೀಕ್ಷೆ ಮಾಡೋದು ಬಲು ಸುಲಭ, ಒಂದು ಪಾತ್ರೆ ಹಾಲು, ಒಂದು ಚಮಚ ಮಜ್ಜಿಗೆ ಸಾಕು. ಆದರೆ ಗಿರಿಜ ಊರಿಗೆ ಹೋದಾಗಲೂ ನಾನು ಹೆಪ್ಪು ಹಾಕುವುದಿಲ್ಲ, ಹಾಲನ್ನು ಹಾಗೇ ಕುಡಿದು ಪಾತ್ರೆ ತೊಳೆದಿಡುತ್ತೇನೆ. ಕಾಮಾಕ್ಷಮ್ಮ ಇನ್ನೂ ನಮ್ಮ ಬೀದಿಯಲ್ಲೇ ಇದ್ದಾರೆ, ಹೆಪ್ಪು ಹಾಕೋದು ಬಿಟ್ಟು ಮೊಸರಿನ ಪ್ಯಾಕೆಟ್ಟು ಕೊಳ್ಳಲು ಅಂಗಡಿಗೆ ಬರುತ್ತಾರೆ. ನಾನು ಹಾಕಿದ ಹೆಪ್ಪು ಗಟ್ಟಿಯಾಗಿಬಿಟ್ಟರೆ ಅವರ ಮುಖ ಹೇಗೆ ನೋಡಲಿ?